ಶಿಕ್ಷೆ ಜಾಸ್ತಿ ಮಾಡಿದ್ರೆ ಸ್ಟಿರಾಯ್ಡ್ ನಿಲ್ಲುತ್ತಾ?

2010ರ ಅಕ್ಟೋಬರ್ 12 ನಿಮಗೆ ನೆನಪಿದೆಯಾ? ದೆಹಲಿಯ ಜವಾಹರಲಾಲ್ ನೆಹರು ಸ್ಟೇಡಿಯಂ, ಕಾಮನ್‌ವೆಲ್ತ್ ಕ್ರೀಡಾಕೂಟ, ಮಹಿಳೆಯರ 4×400 ಮೀಟರ್ ರಿಲೇ. ಮಂಜೀತ್ ಕೌರ್, ಸಿನಿ ಜೋಸ್, ಅಶ್ವಿನಿ ಅಕ್ಕುಂಜಿ, ಮನ್‌ದೀಪ್ ಕೌರ್. ಮೂರನೇ ಸುತ್ತಿನಲ್ಲಿ ಬ್ಯಾಟನ್ ಹಿಡಿದು ನೈಜೀರಿಯಾದ ಓಟಗಾರ್ತಿಯನ್ನು ಹಿಂದೆ ಹಾಕಿದ ಹುಡುಗಿ ನಮ್ಮವಳು, ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯವಳು. ಊರು ಬಿಟ್ಟು ಬಂದು ಹೈದರಾಬಾದಿನ ಮೆಹದಿಪಟ್ಟಣಂನಂಥ ಜಾಗದಲ್ಲಿ ನೆಲೆ ನಿಂತ ನಮ್ಮಂಥವರಿಗೆ ಟಿವಿಯಲ್ಲಿ ಕರ್ನಾಟಕದ ಹೆಸರು ಕೇಳಿದರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಭಾರತಕ್ಕೆ ಚಿನ್ನ. ಮುಂದಿನ ತಿಂಗಳೇ ಚೀನಾದ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅಶ್ವಿನಿಗೆ ಇನ್ನೂ ಎರಡು ಚಿನ್ನ. ಒಂದು 400 ಮೀಟರ್ ಹರ್ಡಲ್ಸ್‌ನಲ್ಲಿ, ಇನ್ನೊಂದು ರಿಲೇಯಲ್ಲಿ.

ಆಮೇಲೆ ಒಂಬತ್ತೇ ತಿಂಗಳು. 2011ರ ಜೂನ್ ಕೊನೆ, ಜುಲೈ ಮೊದಲ ವಾರದಲ್ಲಿ ಒಂದರ ಹಿಂದೆ ಒಂದು ಸುದ್ದಿ. ಮನ್‌ದೀಪ್ ಕೌರ್, ಜೌನಾ ಮುರ್ಮು, ಸಿನಿ ಜೋಸ್, ಟಿಯಾನಾ ಮೇರಿ ಥಾಮಸ್, ಪ್ರಿಯಾಂಕಾ ಪನ್ವರ್, ಕೊನೆಗೆ ಅಶ್ವಿನಿ. ಎಲ್ಲರ ಮೂತ್ರದ ಸ್ಯಾಂಪಲ್‌ನಲ್ಲೂ ಅನಬಾಲಿಕ್ ಸ್ಟಿರಾಯ್ಡ್. ಜಪಾನಿನ ಕೋಬೆಯಲ್ಲಿ ನಡೆಯಬೇಕಿದ್ದ ಏಷ್ಯನ್ ಚಾಂಪಿಯನ್‌ಶಿಪ್ ತಂಡದಿಂದ ಅಶ್ವಿನಿ ಹೊರಗೆ. (ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2010ರ ಪದಕಗಳಿಗೂ 2011ರ ಪರೀಕ್ಷೆಗೂ ಸಂಬಂಧ ಇಲ್ಲ, ಆ ಪದಕಗಳನ್ನು ಯಾರೂ ಕಿತ್ತುಕೊಂಡಿಲ್ಲ.)

ಈ ಪ್ರಕರಣವನ್ನು ನಾನು ಮರೆಯದೆ ಇಟ್ಟುಕೊಂಡಿರುವುದಕ್ಕೆ ಕಾರಣ ಆಮೇಲೆ ನಡೆದ ಶಿಕ್ಷೆಯ ಕಥೆ. ನಾನು ಬಿ.ಕಾಂ ಓದಿ ಬ್ಯಾಂಕ್ ಸೇರಿದವನು. ವೈದ್ಯನೂ ಅಲ್ಲ, ಕ್ರೀಡಾ ತಜ್ಞನೂ ಅಲ್ಲ. ಆದರೆ ತಪ್ಪು, ತಪಾಸಣೆ, ದಂಡ ಈ ಮೂರರ ಲೆಕ್ಕ ನಮ್ಮ ಕೆಲಸದಲ್ಲಿ ದಿನಾ ಇರುವಂಥದ್ದು.

ಮೊದಲು ಈ ಸ್ಟಿರಾಯ್ಡ್ ಅಂದ್ರೆ ಏನು ಅಂತ ನೋಡೋಣ. ಗಂಡಸರ ದೇಹದಲ್ಲಿ ಹೆಚ್ಚಾಗಿ ತಯಾರಾಗುವ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನಿನ ಹಾಗೆ ಕೆಲಸ ಮಾಡುವ ಔಷಧಿ. ಮಾಂಸಖಂಡ ಬೆಳೆಸುತ್ತೆ. ಅದಕ್ಕಿಂತ ಮುಖ್ಯವಾಗಿ, ಇವತ್ತು ಕಠಿಣ ಅಭ್ಯಾಸ ಮಾಡಿದವರು ನಾಳೆಯೂ ಅಷ್ಟೇ ಕಠಿಣ ಅಭ್ಯಾಸ ಮಾಡುವ ಹಾಗೆ ದೇಹವನ್ನು ಬೇಗ ಚೇತರಿಸಿಕೊಳ್ಳುವಂತೆ ಮಾಡುತ್ತೆ. ಬೆಲೆ ಕಟ್ಟೋದು ಲಿವರ್ ಮತ್ತು ಹೃದಯ. ಹೆಣ್ಣುಮಕ್ಕಳಿಗಂತೂ ಧ್ವನಿ ಗಡಸಾಗುವುದು, ಮುಖದ ಮೇಲೆ ಕೂದಲು, ಮುಟ್ಟು ಏರುಪೇರು. 2011ರಲ್ಲಿ ನಮ್ಮ ಪತ್ರಿಕೆಗಳಲ್ಲಿ ಹೆಸರು ಬಂದ ಮೀಥಾಂಡಿನೋನ್ ಹೊಸದೇನಲ್ಲ. 1950ರ ದಶಕದ ಕೊನೆಯಲ್ಲೇ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದನ್ನು ಡಯಾನಬಾಲ್ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತ್ತು. ಒಲಿಂಪಿಕ್ಸ್‌ನಲ್ಲಿ ಸ್ಟಿರಾಯ್ಡ್ ಪರೀಕ್ಷೆ ಶುರುವಾಗಿದ್ದು 1976ರ ಮಾಂಟ್ರಿಯಲ್‌ನಲ್ಲಿ. ಅಂದರೆ ಕಳ್ಳ ಬಂದು ಸುಮಾರು ಹದಿನೆಂಟು ವರ್ಷದ ಮೇಲೆ ಪೊಲೀಸ್ ಬಂದ.

ಈಗ ನಮ್ಮ ಹುಡುಗಿಯರ ವಿಚಾರಣೆಗೆ ಬರೋಣ. ಅವರ ವಾದ ಇಷ್ಟೇ: ಉಕ್ರೇನಿನ ಕೋಚ್ ಯೂರಿ ಒಗೊರೊಡ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ತಿಂದೆವು, ಅದರಲ್ಲಿ ಸ್ಟಿರಾಯ್ಡ್ ಬೆರೆತಿರುವುದು ನಮಗೆ ಗೊತ್ತಿರಲಿಲ್ಲ. ಆಗಿನ ಕ್ರೀಡಾ ಸಚಿವ ಅಜಯ್ ಮಾಕನ್ ಜುಲೈನಲ್ಲೇ ಕೋಚನ್ನು ಕೆಲಸದಿಂದ ತೆಗೆಸಿದರು. ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಸಮಿತಿಯನ್ನೂ ನೇಮಿಸಿದರು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ನಾಡಾದ ಶಿಸ್ತು ಸಮಿತಿ 2011ರ ಡಿಸೆಂಬರ್‌ನಲ್ಲಿ ಜಿನ್ಸೆಂಗ್ ಕಥೆಯನ್ನು ಒಪ್ಪಿಕೊಂಡು, ದೊಡ್ಡ ತಪ್ಪಿಲ್ಲ ಅಂತ ಒಂದೇ ವರ್ಷ ನಿಷೇಧ ಹಾಕಿತು. ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಬಿಡಲಿಲ್ಲ. ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ 2012ರ ಜುಲೈನಲ್ಲಿ ತೀರ್ಪು: ಎರಡು ವರ್ಷ. ಲಂಡನ್ ಒಲಿಂಪಿಕ್ಸ್ ಕನಸು ಅಲ್ಲಿಗೆ ಮುಗಿಯಿತು.

ಇಲ್ಲಿರುವ ನಿಯಮ ಸರಳ. ನಿನ್ನ ದೇಹದೊಳಗೆ ಸಿಕ್ಕಿದ್ದಕ್ಕೆ ನೀನೇ ಜವಾಬ್ದಾರಿ, ಯಾರು ಕೊಟ್ಟರೂ ಸರಿ. ನಮ್ಮ ಬ್ಯಾಂಕ್ ಕೌಂಟರಿನ ನಿಯಮವೂ ಇದೇ ಅಲ್ವಾ? ಸಂಜೆ ಕ್ಯಾಶ್ ಕಡಿಮೆ ಬಂದರೆ ಕ್ಯಾಷಿಯರ್ ಕಟ್ಟಬೇಕು. ಗಿರಾಕಿ ಮೋಸ ಮಾಡಿದ್ನಾ, ಎಣಿಸುವ ಮೆಷಿನ್ ತಪ್ಪಿತಾ ಅಂತ ಯಾರೂ ಕೇಳಲ್ಲ. ನಿಯಮ ಕಠಿಣ, ಆದರೆ ಅದಿಲ್ಲದಿದ್ದರೆ ದಿನಾ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಹಾಗಾಗಿ ಆ ನಿಯಮದ ಮೇಲೆ ನನ್ನ ತಕರಾರಿಲ್ಲ. ನನ್ನ ಪ್ರಶ್ನೆ ಬೇರೆ: ಆ ಶಿಕ್ಷೆ ಮುಂದಿನವರನ್ನು ತಡೆಯಿತಾ?

ಮೊದಲು ಅದೇ ಆರು ಜನರಲ್ಲಿ ನೋಡಿ. ನಿಷೇಧ ಮುಗಿಸಿ ಬಂದ ಮನ್‌ದೀಪ್ ಮತ್ತು ಪ್ರಿಯಾಂಕಾ ಪನ್ವರ್ 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ರಿಲೇ ಚಿನ್ನ ಗೆದ್ದರು. ಶಿಕ್ಷೆ ಮುಗಿದ ಮೇಲೆ ಓಡುವ ಹಕ್ಕು ಎಲ್ಲರಿಗೂ ಇದೆ, ಸರಿ. ಆದರೆ 2016ರಲ್ಲಿ ಪ್ರಿಯಾಂಕಾ ಮತ್ತೆ ಸಿಕ್ಕಿಬಿದ್ದರು, ಈ ಸಲ ಮೆಫೆಂಟರ್ಮಿನ್ ಎಂಬ ಉತ್ತೇಜಕ. ಎಂಟು ವರ್ಷ ನಿಷೇಧ. ಮೊದಲ ಎರಡು ವರ್ಷದ ಶಿಕ್ಷೆ ಅವರ ಮಟ್ಟಿಗೆ ಕೆಲಸ ಮಾಡಲಿಲ್ಲ ಅಂತಾಯಿತು.

ಅದೇ 2014ರ ತಂಡದಲ್ಲಿ ಇನ್ನೊಬ್ಬ ಕನ್ನಡತಿ ಇದ್ದರು, ಕೊಡಗಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬೆಳೆದ ಎಂ.ಆರ್. ಪೂವಮ್ಮ. 2021ರ ಫೆಬ್ರವರಿಯಲ್ಲಿ ಪಟಿಯಾಲಾದಲ್ಲಿ ತೆಗೆದ ಅವರ ಸ್ಯಾಂಪಲ್‌ನಲ್ಲಿ ಮೀಥೈಲ್‌ಹೆಕ್ಸಾನಮೈನ್ ಸಿಕ್ಕಿತು. ಇದು ಸ್ಟಿರಾಯ್ಡ್ ಅಲ್ಲ, ಉತ್ತೇಜಕ. 2022ರಲ್ಲಿ ಶಿಸ್ತು ಸಮಿತಿ ಕೊಟ್ಟಿದ್ದು ಮೂರು ತಿಂಗಳು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಸಮಿತಿ ಮಾಡಿದ್ದು ಎರಡು ವರ್ಷ! ಸ್ಯಾಂಪಲ್ ಕೊಟ್ಟ ದಿನದಿಂದ ಕೊನೆಯ ತೀರ್ಪಿಗೆ ಹತ್ತೊಂಬತ್ತು ತಿಂಗಳು. ಒಂದೇ ತಪ್ಪಿಗೆ ಮೂರು ತಿಂಗಳೂ ಆಗಬಹುದು, ಎರಡು ವರ್ಷವೂ ಆಗಬಹುದು ಅಂದ್ರೆ ಹೆದರಬೇಕಾದವರು ಯಾವುದಕ್ಕೆ ಹೆದರಬೇಕು ಹೇಳಿ?

ಇದರ ನಡುವೆ ಶಿಕ್ಷೆ ಏರುತ್ತಲೇ ಬಂತು. ಬೇಕೆಂದೇ ಮದ್ದು ತೆಗೆದುಕೊಂಡರೆ ಮೊದಲ ಸಲಕ್ಕೆ ಎರಡು ವರ್ಷ ಇದ್ದ ನಿಷೇಧವನ್ನು 2015ರಿಂದ ಜಗತ್ತಿನಾದ್ಯಂತ ನಾಲ್ಕು ವರ್ಷ ಮಾಡಿದರು. 2022ರಲ್ಲಿ ನಮ್ಮ ಸಂಸತ್ತು ಕಾಯ್ದೆಯನ್ನೇ ತಂದಿತು. ಹಿಂದೆ ಇಲ್ಲೇ ಹೈದರಾಬಾದಿನಲ್ಲಿ ತರಬೇತಿ ಪಡೆದಿದ್ದ ಒಡಿಶಾದ ದ್ಯುತಿ ಚಂದ್ ಕೂಡ ಸ್ಟಿರಾಯ್ಡಿನ ಹಾಗೇ ಕೆಲಸ ಮಾಡುವ ಮದ್ದುಗಳಿಗಾಗಿ 2023ರಲ್ಲಿ ನಾಲ್ಕು ವರ್ಷದ ನಿಷೇಧಕ್ಕೆ ಒಳಗಾದರು. ಈಗ ಅಂಕಿ ಅಂಶ ನೋಡಿ. ವಾಡಾ, ಅಂದರೆ ವಿಶ್ವ ಸಂಸ್ಥೆಯ ವರದಿ ಪ್ರಕಾರ ಭಾರತದಲ್ಲಿ 2022ರಲ್ಲಿ 3,865 ಸ್ಯಾಂಪಲ್, ಸಿಕ್ಕಿಬಿದ್ದದ್ದು 125. 2023ರಲ್ಲಿ 5,606ಕ್ಕೆ 213. 2024ರಲ್ಲಿ 7,113ಕ್ಕೆ 260. ಪರೀಕ್ಷೆ ಜಾಸ್ತಿಯಾದ ಹಾಗೆ ಸಿಕ್ಕವರ ಸಂಖ್ಯೆ ಜಾಸ್ತಿಯಾಗೋದು ಸಹಜ, ಅದನ್ನು ಒಪ್ಪೋಣ. ಆದರೆ ಪ್ರಮಾಣ ನೋಡಿದರೂ ಶೇಕಡಾ 3.2, 3.8, 3.6. ನಾಲ್ಕು ವರ್ಷದ ಶಿಕ್ಷೆ ಬಂದು ದಶಕದ ಹತ್ತಿರವಾದರೂ ನೂರಕ್ಕೆ ಮೂರಕ್ಕಿಂತ ಕೆಳಗಿಳಿದಿಲ್ಲ.

ಇದು ನಮ್ಮ ದೇಶದ ರೋಗ ಮಾತ್ರ ಅಂದುಕೊಳ್ಳಬೇಡಿ. ಕೆನಡಾದ ಬೆನ್ ಜಾನ್ಸನ್ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 9.79 ಸೆಕೆಂಡಿನಲ್ಲಿ ಓಡಿ, ಸ್ಟನಜೋಲಾಲ್ ಸಿಕ್ಕಿ, ಚಿನ್ನ ಕಳೆದುಕೊಂಡ. ಜಗತ್ತೇ ಉಗಿಯಿತು. ಅದಕ್ಕಿಂತ ದೊಡ್ಡ ಶಿಕ್ಷೆ ಯಾವುದಿದೆ? ಆದರೂ 1993ರಲ್ಲಿ ಮತ್ತೆ ಸಿಕ್ಕಿ ಆಜೀವ ನಿಷೇಧಕ್ಕೆ ಒಳಗಾದ.

ಅಮೆರಿಕದ ಬೇಸ್‌ಬಾಲ್ ಕಥೆ ಇನ್ನೂ ಪಾಠದ ಹಾಗಿದೆ. ನಮಗೆ ಕ್ರಿಕೆಟ್ ಹೇಗೋ ಅವರಿಗೆ ಬೇಸ್‌ಬಾಲ್ ಹಾಗೆ. ಅಲ್ಲಿ 1991ರಲ್ಲೇ ಕಮಿಷನರ್ ಸ್ಟಿರಾಯ್ಡ್ ನಿಷಿದ್ಧ ಅಂತ ಸುತ್ತೋಲೆ ಕಳಿಸಿದ್ದರು, ಆದರೆ ಪರೀಕ್ಷೆಯೇ ಇರಲಿಲ್ಲ! ಪರೀಕ್ಷೆ ಇಲ್ಲದ ಸುತ್ತೋಲೆಯ ಗತಿ ಏನು ಅಂತ ಯಾವ ಬ್ಯಾಂಕಿನವನನ್ನಾದರೂ ಕೇಳಿ, ಫೈಲಿಗೆ ಹೋಗಿ ಕೂರುತ್ತೆ. 2003ರಲ್ಲಿ ಹೆಸರು ಹೇಳದೆ ಪರೀಕ್ಷೆ ಮಾಡಿದಾಗ ನೂರಕ್ಕೆ 5ರಿಂದ 7 ಸ್ಯಾಂಪಲ್ ತಪ್ಪಿತ್ತು. ಆಮೇಲೆ ಶಿಕ್ಷೆಯ ಮೆಟ್ಟಿಲು. 2005ರಲ್ಲಿ ಮೊದಲ ತಪ್ಪಿಗೆ 10 ದಿನ, 2006ರಿಂದ 50 ಪಂದ್ಯ, 2014ರಿಂದ 80 ಪಂದ್ಯ, ಎರಡನೇ ತಪ್ಪಿಗೆ ಇಡೀ ಋತುವಿನ 162 ಪಂದ್ಯ, ಮೂರನೆಯದಕ್ಕೆ ಆಜೀವ. ಆದರೂ ರಾಬಿನ್ಸನ್ ಕನೋ ಎಂಬ ದೊಡ್ಡ ಆಟಗಾರ 2018ರಲ್ಲಿ 80 ಪಂದ್ಯ ಹೊರಗಿದ್ದು, 2020ರಲ್ಲಿ ಮತ್ತೆ ಸಿಕ್ಕಿ, 2021ರ ಋತುವನ್ನೇ ಕಳೆದುಕೊಂಡ. ಮದ್ದು ಯಾವುದು ಗೊತ್ತಾ? ಬೆನ್ ಜಾನ್ಸನ್ ತಿಂದಿದ್ದ ಅದೇ ಸ್ಟನಜೋಲಾಲ್. ಇನ್ನೊಬ್ಬ ಜಾನಿ ಪೆರಾಲ್ಟಾ. 2013ರಲ್ಲಿ 50 ಪಂದ್ಯ ನಿಷೇಧ ಅನುಭವಿಸಿದ ಅದೇ ವರ್ಷ ಹೊಸ ತಂಡದಿಂದ ನಾಲ್ಕು ವರ್ಷಕ್ಕೆ 5 ಕೋಟಿ 30 ಲಕ್ಷ ಡಾಲರ್ ಒಪ್ಪಂದ! ಲಾಭ ಈ ಪಾಟಿ ಇದ್ದರೆ ದಂಡವನ್ನು ಜನ ಖರ್ಚಿನ ಬಾಬ್ತಿಗೆ ಬರೆದುಕೊಳ್ಳುತ್ತಾರೆ.

ನಮ್ಮಲ್ಲಿ ಡಾಲರ್ ಇಲ್ಲ, ನೌಕರಿ ಇದೆ. ರೈಲ್ವೆ, ಪೊಲೀಸ್, ಸೇನೆ, ಸಾರ್ವಜನಿಕ ಉದ್ದಿಮೆ, ಎಲ್ಲದರಲ್ಲೂ ಕ್ರೀಡಾ ಕೋಟಾ. ಒಂದು ಪದಕ ಅಂದ್ರೆ ಹಳ್ಳಿಯ ಒಂದು ಮನೆಗೆ ಜೀವನಪೂರ್ತಿ ಸಂಬಳ. ಇದನ್ನು ತಕ್ಕಡಿಯ ಒಂದು ಕಡೆ ಇಡಿ. ಇನ್ನೊಂದು ಕಡೆ, ಸಿಕ್ಕಿಬೀಳುವ ಸಾಧ್ಯತೆ ಎಷ್ಟು? 2011ರಲ್ಲಿ ದಕ್ಷಿಣ ಕೊರಿಯಾದ ಡೇಗು ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಯಾರು ಏನು ಹೇಳಿದರು ಅಂತ ಗೊತ್ತಾಗದ ರೀತಿಯಲ್ಲಿ ಓಟಗಾರರನ್ನೇ ಕೇಳಿ ಒಂದು ಅಧ್ಯಯನ ಮಾಡಿದ್ದರು, 2017ರಲ್ಲಿ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ಮದ್ದು ತೆಗೆದುಕೊಂಡವರು ನೂರಕ್ಕೆ 43 ಅಂತ ಅದರ ಅಂದಾಜು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರು ನೂರಕ್ಕೆ ಒಬ್ಬರೂ ಇಲ್ಲ. ಈ ಅಂತರ ಗೊತ್ತಿರುವ ಆಟಗಾರನಿಗೆ ನಾಲ್ಕು ವರ್ಷ ಆದರೇನು, ನಲವತ್ತು ಆದರೇನು?

ಇಟಲಿಯ ಬೆಕ್ಕಾರಿಯಾ ಎಂಬುವವನು 1764ರಲ್ಲೇ ಇದನ್ನು ಬರೆದಿದ್ದ. ಅಪರಾಧವನ್ನು ತಡೆಯೋದು ಶಿಕ್ಷೆಯ ಕ್ರೌರ್ಯಕ್ಕಿಂತ ಅದರ ಖಾತ್ರಿ ಮತ್ತು ಬೇಗ ಬರುವಿಕೆ ಅಂತ. ಅದಕ್ಕೆ ನಮ್ಮಲ್ಲೇ ಒಂದು ಚಂದದ ಸಾಕ್ಷಿ ಇದೆ. 2023ರ ಸೆಪ್ಟೆಂಬರ್, ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟ. ಅದೇ ಜವಾಹರಲಾಲ್ ನೆಹರು ಸ್ಟೇಡಿಯಂ! ಅಲ್ಲಿನ ಶೌಚಾಲಯದಲ್ಲಿ ಬಿದ್ದಿದ್ದ ಸಿರಿಂಜ್‌ಗಳ ವಿಡಿಯೋ ಹೊರಬಂದು ನಾಡಾದವರು ಬಂದಿಳಿದರು. ಗಂಡಸರ 100 ಮೀಟರ್ ಫೈನಲ್‌ಗೆ ಬಂದು ನಿಂತದ್ದು ಒಬ್ಬನೇ ಓಟಗಾರ, ಉಳಿದವರೆಲ್ಲ ಮಾಯ. ಸ್ಟೀಪಲ್‌ಚೇಸ್ ಹುಡುಗಿಯೊಬ್ಬಳು ಗೆರೆ ದಾಟಿದ ಮೇಲೂ ನಿಲ್ಲದೆ ಓಡುತ್ತಲೇ ಹೋದಳಂತೆ, ಹಿಂದೆ ಅಧಿಕಾರಿ! ನಗು ಬರುತ್ತೆ, ಆದರೆ ಯೋಚಿಸಿ. ಹಿಂದಿನ ದಿನವೂ ಶಿಕ್ಷೆ ನಾಲ್ಕು ವರ್ಷವೇ ಇತ್ತು, ಯಾರೂ ಓಡಿಹೋಗಿರಲಿಲ್ಲ. ಬದಲಾದದ್ದು ಒಂದೇ, ಬಾಟಲಿ ಹಿಡಿದ ಅಧಿಕಾರಿ ಕಣ್ಣೆದುರು ನಿಂತಿದ್ದ. ಬ್ರಾಂಚಿಗೆ ಹೇಳದೆ ಕೇಳದೆ ಬರುವ ಇನ್‌ಸ್ಪೆಕ್ಟರ್ ಮಾಡುವ ಕೆಲಸವನ್ನು ಸಾವಿರ ಸುತ್ತೋಲೆ ಮಾಡಲಾರವು.

ಇನ್ನೊಂದು ಮಾತು, ಬಹುಶಃ ಇದೇ ಮುಖ್ಯವಾದದ್ದು. ಸಾಲ ಮುಳುಗಿದಾಗ ಸಾಲಗಾರನ ಜೊತೆ ಶಿಫಾರಸು ಮಾಡಿದವನು, ಮಂಜೂರು ಮಾಡಿದವನು ಎಲ್ಲರ ಮೇಲೂ ಬ್ಯಾಂಕಿನಲ್ಲಿ ವಿಚಾರಣೆ ಆಗುತ್ತೆ. ಕ್ರೀಡೆಯಲ್ಲಿ? 1989ರಲ್ಲಿ ಕೆನಡಾ ಸರ್ಕಾರದ ಡ್ಯೂಬಿನ್ ಆಯೋಗ ಬೆನ್ ಜಾನ್ಸನ್‌ನ ಕೋಚನ್ನೂ ಕೂರಿಸಿ ಎಲ್ಲವನ್ನೂ ಬಾಯಿಬಿಡಿಸಿತ್ತು. ನಮ್ಮಲ್ಲಿ ಆರು ಹುಡುಗಿಯರು ಎರಡು ವರ್ಷ ಮತ್ತು ಒಂದು ಒಲಿಂಪಿಕ್ಸ್ ಕಳೆದುಕೊಂಡರು. ಕೆಲಸದಿಂದ ತೆಗೆದ ಕೋಚ್ ಕೆಲವೇ ವರ್ಷಗಳಲ್ಲಿ ಮತ್ತೆ ಭಾರತದ ಓಟಗಾರ್ತಿಯರ ಕೋಚ್ ಆಗಿ ಬಂದರು. ಕೋಚ್ ಬೇಕೆಂದೇ ಕೊಟ್ಟರು ಅಂತ ನಾನು ಹೇಳುತ್ತಿಲ್ಲ. ನಷ್ಟದ ಪಾಲು ಯಾರಿಗೆ ಎಷ್ಟು ಹೋಯಿತು ಅನ್ನುವುದನ್ನು ಮಾತ್ರ ನೋಡಿ ಅನ್ನುತ್ತಿದ್ದೇನೆ.

ಇದು ಸ್ಟೇಡಿಯಂ ಒಳಗಿನ ವಿಷಯ, ನಮಗ್ಯಾಕೆ ಅನ್ನಬೇಡಿ. ಪ್ರಿಯಾಂಕಾಗೆ ಎಂಟು ವರ್ಷ ತಂದ ಅದೇ ಮೆಫೆಂಟರ್ಮಿನ್ ಚುಚ್ಚುಮದ್ದನ್ನು ಜಿಮ್ ಹುಡುಗರಿಗೆ ಅಕ್ರಮವಾಗಿ ಮಾರುತ್ತಿದ್ದವರನ್ನು ಹೈದರಾಬಾದಿನಲ್ಲಿ ಹಿಡಿದ ಸುದ್ದಿ ಇತ್ತೀಚಿನ ವರ್ಷಗಳಲ್ಲಿ ಹಲವು ಸಲ ಬಂದಿದೆ. ರಕ್ತದೊತ್ತಡ ಕುಸಿದಾಗ ಆಸ್ಪತ್ರೆಯಲ್ಲಿ ಕೊಡುವ ಔಷಧಿ ಅದು. ಮೆಹದಿಪಟ್ಟಣಂನಿಂದ ಟೋಲಿಚೌಕಿ ಕಡೆ ಹೋಗುವಾಗ ಎಷ್ಟು ಜಿಮ್ ಬೋರ್ಡುಗಳಿವೆ ಅಂತ ಎಣಿಸುತ್ತಾ ಹೋಗಿ. ಅಲ್ಲಿಗೆ ಹೋಗುವ ನಮ್ಮ ಮಕ್ಕಳಿಗೆ ನಾಡಾ ಪರೀಕ್ಷೆಯೂ ಇಲ್ಲ, ನಿಷೇಧದ ಭಯವೂ ಇಲ್ಲ. ಯಾರೋ ಅಣ್ಣ ಕೊಟ್ಟ ಡಬ್ಬಿ, ಯಾರೋ ಹೇಳಿದ ಇಂಜೆಕ್ಷನ್, ಅಷ್ಟೇ.

ಡೋಪಿಂಗ್ ಮಾಡಿದವರನ್ನು ಜೈಲಿಗೆ ಹಾಕಿ ಅನ್ನುವ ಕೂಗು ಆಗಾಗ ಏಳುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಜೈಲಿಗೆ ಹೋಗೋದು ಮತ್ತೆ ಅದೇ ಹತ್ತೊಂಬತ್ತು, ಇಪ್ಪತ್ತರ ಹಳ್ಳಿ ಹುಡುಗ ಹುಡುಗಿಯರೇ ಆದರೆ ನಾವು 2011ರಿಂದ ಏನೂ ಕಲಿತಿಲ್ಲ ಅಂತಲೇ ಅರ್ಥ. ಜಿಲ್ಲಾ ಮಟ್ಟದ ಕೂಟಕ್ಕೂ ಹೇಳದೆ ಬರುವ ಪರೀಕ್ಷೆ, ಆರು ತಿಂಗಳೊಳಗೆ ಕೊನೆಯ ತೀರ್ಪು, ಡಬ್ಬಿ ಕೊಟ್ಟ ಕೈಗೂ ಅದೇ ಶಿಕ್ಷೆ. ಇಷ್ಟು ಮಾಡಿ ನೋಡಿ, ಆಮೇಲೆ ನಾಲ್ಕು ವರ್ಷ ಸಾಕಾ ಎಂಟು ಬೇಕಾ ಅಂತ ಮಾತಾಡೋಣ.

ಅಲ್ಲಿಯವರೆಗೆ ನಮ್ಮ ಕೈಲಾಗುವ ಕೆಲಸ ಒಂದಿದೆ. ಮನೆಯಲ್ಲಿ ಜಿಮ್‌ಗೆ ಹೋಗುವ, ಮೈದಾನಕ್ಕೆ ಹೋಗುವ ಮಕ್ಕಳಿದ್ದರೆ, ಏನು ತಿನ್ನುತ್ತಿದ್ದೀಯಪ್ಪಾ, ಯಾರು ಕೊಟ್ಟರು ಅಂತ ಒಮ್ಮೆ ಕೂತು ಕೇಳಿ. ಗದರಿಸದೆ ಕೇಳಿ.