ಹಾಯಿದೋಣಿ ತರಬೇತಿ: ಕಡಲಲ್ಲಿ ನಾಲ್ಕೈದು ದಿನ ಕಲಿಯುವುದೇನು?

ಕರಾವಳಿಯ ಬ್ಯಾರಿಗಳಿಗೂ ಹಾಯಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ‘ಬ್ಯಾರಿ’ ಎಂಬ ಹೆಸರು ವ್ಯಾಪಾರ ಎಂಬ ಅರ್ಥದ ‘ಬ್ಯಾರ’ದಿಂದ ಬಂತು ಎನ್ನುವವರಿದ್ದಾರೆ. ಆ ವ್ಯಾಪಾರ ನಡೆದದ್ದು ಪತ್ತೆಮಾರಿಗಳಲ್ಲಿ, ಮಂಜಿಗಳಲ್ಲಿ. ಅಂದು ತರಬೇತಿ ಶಾಲೆ ಅಂತ ಇರಲಿಲ್ಲ. ಖಲಾಸಿಯಾಗಿ ಹತ್ತಿದ ಹುಡುಗ ತಂಡೇಲನ ಕೈಕೆಳಗೆ ಗಾಳಿ, ನೀರು, ನಕ್ಷತ್ರ ನೋಡುತ್ತಾ ಕಲಿಯುತ್ತಿದ್ದ. ಎಂಜಿನ್ ಬಂದ ಮೇಲೆ ಹಾಯಿ ಇಳಿಯಿತು, ಜತೆಗೆ ಆ ತಿಳಿವಳಿಕೆಯೂ ಕರಗಿತು. ಈಗ ಅದೇ ವಿದ್ಯೆಯನ್ನು ಕ್ರಮಬದ್ಧವಾಗಿ ಕಲಿಸುವ ವ್ಯವಸ್ಥೆ ಇದೆ.

ಎರಡು ಬಗೆಯ ಯಾನ

ದಡದ ಗುರುತು, ದೀಪಸ್ತಂಭ, ಬಂದರು ಹತ್ತಿರವೇ ಇರುವಂತೆ ಸಾಗುವುದು ಕರಾವಳಿ ಯಾನ. ದಡ ಮರೆಯಾಗಿ, ಹವಾಮಾನ ಕೆಟ್ಟರೂ ಕೂಡಲೇ ಬಂದರಿಗೆ ಓಡಲಾಗದಷ್ಟು ದೂರ ಹೋಗುವುದು ಹೊರಗಡಲ ಯಾನ. ದಡದ ಪಕ್ಕ ಹೋಗುವುದು ಸುಲಭ ಎಂದುಕೊಳ್ಳುವವರೇ ಹೆಚ್ಚು. ಆದರೆ ಬಂಡೆ, ಮರಳ ದಿಣ್ಣೆ, ಮೀನಿನ ಬಲೆ ಇರುವುದು ದಡದ ಪಕ್ಕದಲ್ಲೇ. ನೇತ್ರಾವತಿ–ಫಲ್ಗುಣಿ ನದಿಗಳು ಕಡಲು ಸೇರುವ ಅಳಿವೆ ಬಾಗಿಲನ್ನು ಬಲ್ಲ ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಲಿಕೆಯ ಪಾಠಗಳು

ಮೊದಲ ದಿನ ಹಗ್ಗದ ಗಂಟು, ಲೈಫ್ ಜಾಕೆಟ್, ಸುರಕ್ಷತಾ ಪಟ್ಟಿ, ನೀರಿಗೆ ಬಿದ್ದವರನ್ನು ಎತ್ತುವ ಅಭ್ಯಾಸ. ಆಮೇಲೆ ಹಾಯಿ. ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗದು. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸುತ್ತಾ ಮುಂದೆ ಸಾಗಬೇಕು. ಗಾಳಿ ಜೋರಾಗುವ ಮೊದಲೇ ಹಾಯಿ ಕಿರಿದು ಮಾಡಬೇಕು.

ಹಲವು ದಿನದ ಯಾನದ ನಿಜವಾದ ಪಾಠ ‘ವಾಚ್’, ಅಂದರೆ ಪಾಳಿ. ಸಾಮಾನ್ಯವಾಗಿ ನಾಲ್ಕು ಗಂಟೆ ಕಾವಲು, ಆಮೇಲೆ ವಿಶ್ರಾಂತಿ. ರಾತ್ರಿ ಎರಡು ಗಂಟೆಗೆ ವಾಂತಿ, ನಿದ್ದೆಗಣ್ಣಿನ ನಡುವೆಯೂ ಚುಕ್ಕಾಣಿ ಹಿಡಿದು, ಎದುರಿನ ಹಡಗಿನ ಕೆಂಪು–ಹಸಿರು ದೀಪ ನೋಡಿ ಅದು ಎತ್ತ ಹೋಗುತ್ತಿದೆ ಎಂದು ತೀರ್ಮಾನಿಸಬೇಕು. ಒಂದು ದಿನದ ಸವಾರಿಯಲ್ಲಿ ಇದು ಬರುವುದಿಲ್ಲ.

ಇನ್ನು ದಾರಿ ಲೆಕ್ಕ. ಅಕ್ಷಾಂಶದ ಒಂದು ಡಿಗ್ರಿ ಎಂದರೆ 60 ನಾಟಿಕಲ್ ಮೈಲು. ಒಂದು ನಾಟಿಕಲ್ ಮೈಲು 1.852 ಕಿ.ಮೀ. ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 125 ನಾಟಿಕಲ್ ಮೈಲು. ಗಂಟೆಗೆ 5 ಮೈಲಿನಂತೆ ಹೋದರೆ 25 ಗಂಟೆ, ಅಂದರೆ ಒಂದು ಇಡೀ ರಾತ್ರಿ ಕಡಲಲ್ಲೇ. ಜಿಪಿಎಸ್ ಇದ್ದರೂ ಗಂಟೆಗೊಮ್ಮೆ ಕಾಗದದ ನಕ್ಷೆಯಲ್ಲಿ ಜಾಗ ಗುರುತಿಸುವುದನ್ನು ಕಲಿಸುತ್ತಾರೆ. ಬ್ಯಾಟರಿ ಸತ್ತ ದಿನ ಕೈ ಹಿಡಿಯುವುದು ಅದೇ. ಹಿಂದಿನ ಅರಬ್ಬಿ ನಾವಿಕರು ‘ಕಮಾಲ್’ ಎಂಬ ಹಲಗೆಗೆ ಗಂಟಿನ ದಾರ ಕಟ್ಟಿ, ಧ್ರುವ ನಕ್ಷತ್ರ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ತಾವಿರುವ ಅಕ್ಷಾಂಶ ತಿಳಿಯುತ್ತಿದ್ದರು. ಆ ನಕ್ಷತ್ರ ಮಂಗಳೂರಿನಲ್ಲಿ ಸುಮಾರು 13 ಡಿಗ್ರಿ, ಕಾರವಾರದಲ್ಲಿ ಸುಮಾರು 15 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ.

ಎಲ್ಲಿ ಕಲಿಯಬಹುದು?

ವಿದ್ಯಾರ್ಥಿಗಳಿಗೆ ಹತ್ತಿರದ ಬಾಗಿಲು ಎನ್‌ಸಿಸಿ ನೌಕಾದಳ. ಮಂಗಳೂರು, ಉಡುಪಿ ಎರಡೂ ಕಡೆ ಘಟಕಗಳಿವೆ. ಅಲ್ಲಿ ‘ವೇಲರ್’ ದೋಣಿಗಳಲ್ಲಿ ಹುಟ್ಟು, ಹಾಯಿ ಎರಡನ್ನೂ ಕಲಿಯಬಹುದು. ನೌಕಾಪಡೆ ಸೇರಿದವರಿಗೆ ಕೊಚ್ಚಿಯಲ್ಲಿ ನೆಲೆಯಿರುವ, ಮೂರು ಕೂವೆಮರದ ತರಬೇತಿ ಹಡಗು ಐಎನ್‌ಎಸ್ ತರಂಗಿಣಿ ಇದೆ. 1997ರಲ್ಲಿ ಸೇವೆಗೆ ಸೇರಿದ ಇದು 2003–04ರಲ್ಲಿ ಭೂಮಿಯನ್ನೇ ಸುತ್ತಿ ಬಂತು.

ಕಡಲಿಲ್ಲದ ಊರಿನವರಿಗೂ ದಾರಿ ಇದೆ. ಆಂಧ್ರದ ಗಡಿಯ ರಾಯದುರ್ಗ, ಮಡಕಶಿರಾದಂಥ ಬಯಲುಸೀಮೆಯ ಹುಡುಗರು ಹೈದರಾಬಾದಿನ ಹುಸೇನ್ ಸಾಗರದಲ್ಲಿ ಮೊದಲ ಪಾಠ ಕಲಿಯಬಹುದು. ಕೆರೆಯಲ್ಲಿ ಗಾಳಿಯ ಗುಣ ಅರಿತವನಿಗೆ ಕಡಲು ಅಷ್ಟು ಹೊಸತಾಗದು.

ಹಲವು ದೇಶಗಳಲ್ಲಿ ಮಾನ್ಯವಾದ ಬ್ರಿಟನ್ನಿನ ಆರ್‌ವೈಎ ಪದ್ಧತಿಯಲ್ಲಿ ಆರಂಭದ ‘ಕಾಂಪಿಟೆಂಟ್ ಕ್ರೂ’ ಕೋರ್ಸ್ ಐದು ದಿನದ್ದು. ‘ಯಾಟ್‌ಮಾಸ್ಟರ್ ಆಫ್‌ಶೋರ್’ ಪರೀಕ್ಷೆಗೆ ಕೂರಬೇಕಾದರೆ ಕಡಲಲ್ಲಿ 50 ದಿನ, 2,500 ನಾಟಿಕಲ್ ಮೈಲಿನ ಅನುಭವ ಬೇಕು. ಓದಿನಿಂದ ಮಾತ್ರ ದಕ್ಕುವ ಸರ್ಟಿಫಿಕೇಟ್ ಅಲ್ಲ ಇದು.

ಹೆಣ್ಣುಮಕ್ಕಳೂ ಹಿಂದಿಲ್ಲ

ನೌಕಾಪಡೆಯ ಅಧಿಕಾರಿಗಳಾದ ಕೋಯಿಕ್ಕೋಡಿನ ದಿಲ್ನಾ ಕೆ. ಮತ್ತು ಪುದುಚೇರಿಯ ರೂಪಾ ಎ. ಇಬ್ಬರೇ ‘ತಾರಿಣಿ’ ಎಂಬ 56 ಅಡಿಯ ದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟು, ಜಗತ್ತು ಸುತ್ತಿ 2025ರ ಮೇ 29ರಂದು ಮರಳಿದರು. ಅದಕ್ಕೂ ಮುಂಚೆ ಮೂರು ವರ್ಷ ಅವರು ಮಾಡಿದ್ದು ಇಂಥ ತರಬೇತಿ ಯಾನಗಳನ್ನೇ.

ಹೊರಡುವ ಮುನ್ನ

ಈಜು ಬರಲೇಬೇಕು. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲ ಪಶ್ಚಿಮ ಕರಾವಳಿಯಲ್ಲಿ ಕಲಿಯುವ ಕಾಲವಲ್ಲ. ಎಲ್ಲಿಗೆ ಹೋಗುತ್ತೇವೆ, ಯಾವಾಗ ಬರುತ್ತೇವೆ ಎಂದು ದಡದಲ್ಲಿ ಒಬ್ಬರಿಗಾದರೂ ಬರೆದು ಕೊಟ್ಟು ಹೋಗಬೇಕು. ತುರ್ತು ಸಂದರ್ಭದಲ್ಲಿ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್, ಫೋನ್ ಸಿಗುವಲ್ಲಿ ಕೋಸ್ಟ್ ಗಾರ್ಡ್‌ನ 1554 ಸಂಖ್ಯೆ ನೆನಪಿರಲಿ. ಮೀನುಗಾರಿಕೆಗೆ ಹೋಗುವ ಹುಡುಗನಿಗೂ, ಮರ್ಚೆಂಟ್ ನೇವಿಯ ಕನಸಿರುವ ವಿದ್ಯಾರ್ಥಿಗೂ ಈ ಕಲಿಕೆ ದಂಡವಲ್ಲ. ನಡುಗಡಲಲ್ಲಿ ಎಂಜಿನ್ ನಿಂತರೆ ಮುಂದೇನು ಎಂಬುದು ಗೊತ್ತಿರುವವನು ಮನೆಗೆ ಮರಳುವ ಸಾಧ್ಯತೆ ಹೆಚ್ಚು.