ಕರಡಿಮರಿಯ ಆಸ್ತಿ, ಶಾಲೆಗೂ ಒಂದು ಪಾಲು

ಬಸವ ಜಯಂತಿಯಂದು ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನ ಬಸವಣ್ಣನ ಪ್ರತಿಮೆಗೆ ಕೈಮುಗಿದು, ಫೋಟೋ ತೆಗೆಸಿಕೊಂಡು ಮನೆದಾರಿ ಹಿಡಿಯುತ್ತೇವೆ. ಲ್ಯಾಂಬೆತ್ ಸೇತುವೆ ದಾಟಿ ಸ್ವಲ್ಪ ನಡೆದರೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಹಿಂದೆ ಡೀನ್ಸ್ ಯಾರ್ಡ್ ಸಿಗುತ್ತದೆ. ವೆಸ್ಟ್‌ಮಿನ್‌ಸ್ಟರ್ ಶಾಲೆ ಇರುವುದು ಅಲ್ಲೇ. ನಮ್ಮ ಮಕ್ಕಳ ಅಚ್ಚುಮೆಚ್ಚಿನ ವಿನ್ನಿ-ದ-ಪೂ ಕರಡಿಯ ಗಳಿಕೆಯಲ್ಲಿ ಈ ಶಾಲೆಗೂ ಪಾಲಿತ್ತು.

ಪೂ ಕಥೆಗಳನ್ನು ಬರೆದ ಎ. ಎ. ಮಿಲ್ನ್ 1882ರಲ್ಲಿ ಲಂಡನ್ನಿನ ಕಿಲ್ಬರ್ನ್‌ನಲ್ಲಿ ಹುಟ್ಟಿದವರು. ತಂದೆ ಅಲ್ಲಿಯೇ ಸಣ್ಣ ಶಾಲೆ ನಡೆಸುತ್ತಿದ್ದರು, ಎಚ್. ಜಿ. ವೆಲ್ಸ್ ಕೆಲಕಾಲ ಅಲ್ಲಿ ಮೇಷ್ಟ್ರಾಗಿದ್ದರು. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗ ಹನ್ನೊಂದನೇ ವಯಸ್ಸಿಗೇ ವಿದ್ಯಾರ್ಥಿವೇತನ ಗೆದ್ದು ವೆಸ್ಟ್‌ಮಿನ್‌ಸ್ಟರ್ ಸೇರಿದ. ಮುಂದೊಮ್ಮೆ ಮನೆಗೆ ಬಂದ ಪ್ರಗತಿಪತ್ರದಲ್ಲಿ, ಇವನಿಗೆ ಮುಂದೆ ಬರಬೇಕೆಂಬ ಹಂಬಲವಿಲ್ಲ, ಲೆಕ್ಕದಲ್ಲೂ ಇಲ್ಲ ಎಂಬರ್ಥದ ಷರಾ ಇತ್ತು. ತಂದೆ ನೊಂದರು, ಮಗನ ಹುರುಪು ಇಳಿಯಿತು. ಆತ್ಮಕಥೆ ಬರೆಯುವ ಹೊತ್ತಿಗೂ ಮಿಲ್ನ್ ಅದನ್ನು ಮರೆತಿರಲಿಲ್ಲ.

ಕೇಂಬ್ರಿಜ್‌ನಲ್ಲಿ ಗಣಿತ ಓದಿ, 1906ರಲ್ಲಿ 'ಪಂಚ್' ಪತ್ರಿಕೆಯ ಸಹಾಯಕ ಸಂಪಾದಕರಾದರು. ಮೊದಲ ಮಹಾಯುದ್ಧದಲ್ಲಿ ಸೋಮ್ ರಣರಂಗವನ್ನೂ ಕಂಡರು. ಮಗ ಕ್ರಿಸ್ಟೋಫರ್ ರಾಬಿನ್‌ಗೆ ಹ್ಯಾರಡ್ಸ್ ಅಂಗಡಿಯಲ್ಲಿ ಕೊಂಡ ಆಟದ ಕರಡಿಗೆ ಲಂಡನ್ ಮೃಗಾಲಯದ ವಿನ್ನಿಯ ಹೆಸರು ಬಂತು. ಈ ವಿನ್ನಿ, ಕೆನಡಾದ ಸೇನಾಧಿಕಾರಿಯೊಬ್ಬರು ಯುದ್ಧಕ್ಕೆ ಹೋಗುವಾಗ ಮೃಗಾಲಯದಲ್ಲಿ ಬಿಟ್ಟುಹೋಗಿದ್ದ ಕರಡಿ. 1926ರಲ್ಲಿ 'ವಿನ್ನಿ-ದ-ಪೂ' ಪುಸ್ತಕ ಹೊರಬಂತು.

1956ರಲ್ಲಿ ತೀರಿಕೊಂಡ ಮಿಲ್ನ್, ಪೂ ಪುಸ್ತಕಗಳ ಹಕ್ಕನ್ನು ಉಯಿಲಿನಲ್ಲಿ ನಾಲ್ವರಿಗೆ ಹಂಚಿದ್ದರು: ಕುಟುಂಬ, ಬಡ ಲೇಖಕರಿಗೆ ನೆರವಾಗುವ ರಾಯಲ್ ಲಿಟರರಿ ಫಂಡ್, ತಾವು ಸದಸ್ಯರಾಗಿದ್ದ ಗ್ಯಾರಿಕ್ ಕ್ಲಬ್, ಮತ್ತು ಆ ಷರಾ ಬರೆದ ಶಾಲೆ.

ನಮ್ಮೂರ ಶಾಲೆಗಳಲ್ಲಿ ಹಳೆಯ ವಿದ್ಯಾರ್ಥಿ ಕೊಟ್ಟ ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರಿರುತ್ತದೆ. ಫ್ಯಾನು ಕೆಟ್ಟರೆ ದಾನವೂ ಮುಗಿಯಿತು. ಮಿಲ್ನ್ ಕೊಟ್ಟದ್ದು ವರ್ಷವರ್ಷವೂ ಫಲ ಕೊಡುವ ಹಕ್ಕು. ಅದು ಎಷ್ಟು ಬೆಳೆದೀತೆಂದು ಕೊಟ್ಟವರಿಗಾಗಲಿ ಪಡೆದವರಿಗಾಗಲಿ ಆಗ ಅಂದಾಜಿರಲು ಸಾಧ್ಯವಿರಲಿಲ್ಲ. 2001ರಲ್ಲಿ ಡಿಸ್ನಿ ಕಂಪನಿ ಉಳಿದ ಅವಧಿಯ ಹಕ್ಕನ್ನೆಲ್ಲ ಸುಮಾರು 35 ಕೋಟಿ ಡಾಲರಿಗೆ ಕೊಂಡಿತು. ಬ್ರಿಟನ್ನಿನಲ್ಲಿ ಆ ಹಕ್ಕುಸ್ವಾಮ್ಯ 2026ರ ಕೊನೆಗೆ ಮುಗಿಯುತ್ತದೆ. ಶಾಲೆಗೆ ಅದರ ಚಿಂತೆಯಿಲ್ಲ. ತನ್ನ ಪಾಲನ್ನು ಅದು ಆಗಲೇ ಇಡುಗಂಟಾಗಿ ಪಡೆದುಕೊಂಡಿದೆ.