ಕಣ್ಣು ಮುಚ್ಚುವ ಬೆಕ್ಕು: ಒಂದು ಹಳೆಯ ಅಪಾರ್ಥದ ಚರಿತ್ರೆ

ನಮ್ಮ ಕಾಸರಗೋಡಿನ ಕಡೆ ಒಂದೇ ಬೆಕ್ಕಿಗೆ ಒಂದೇ ಓಣಿಯಲ್ಲಿ ನಾಲ್ಕು ಹೆಸರು. ಶಾಲೆಯ ಪುಸ್ತಕದಲ್ಲಿ ಅದು ಬೆಕ್ಕು, ನೆರೆಮನೆಯ ತುಳುವಿನಲ್ಲಿ ಪುಚ್ಚೆ, ಬಸ್ ನಿಲ್ದಾಣದ ಮಲಯಾಳದಲ್ಲಿ ಪೂಚ್ಚ, ನಮ್ಮಲ್ಲಿ ಅನೇಕರ ಅಡುಗೆಮನೆಯ ಕೊಂಕಣಿಯಲ್ಲಿ ಮಾಜರ್. ಹೆಸರು ನಾಲ್ಕಾದರೂ ಅದರ ಮೇಲಿನ ದೂರು ಒಂದೇ. ಬೂತಾಯಿ ಕೊಯ್ಯಲು ಕುಳಿತಾಗ ಕಾಲಿಗೆ ಸುತ್ತುತ್ತದೆ, ತಿಂದ ಮೇಲೆ ಕರೆದರೂ ತಿರುಗಿ ನೋಡುವುದಿಲ್ಲ. ನಾಯಿಗೆ ನಿಯತ್ತು ಉಂಟು, ಬೆಕ್ಕಿಗೆ ಇಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆಯನ್ನು ಕಳ್ಳತನಕ್ಕೆ ಉದಾಹರಣೆಯಾಗಿ ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಾರರು.

ಈ ಸಲ ನಾವು ರಾಜರ ಯುದ್ಧಗಳನ್ನೂ ಇಗರ್ಜಿಗಳ ಸ್ಥಾಪನೆಯ ವರ್ಷಗಳನ್ನೂ ಬದಿಗಿಟ್ಟು, ಮನುಷ್ಯರು ಈ ಪ್ರಾಣಿಯ ಮುಖವನ್ನು ಹೇಗೆ ಓದುತ್ತಾ ಬಂದರು ಎಂಬ ಚರಿತ್ರೆಯನ್ನು ಹೇಳಬೇಕೆಂದಿದ್ದೇವೆ. ಇದು ಬಹುಮಟ್ಟಿಗೆ ತಪ್ಪು ಓದಿನ ಚರಿತ್ರೆ. ಆ ತಪ್ಪಿಗೆ ಬೆಲೆ ತೆತ್ತದ್ದು ಬೆಕ್ಕು.

2004ರಲ್ಲಿ ಸೈಪ್ರಸ್ ದ್ವೀಪದಲ್ಲಿ ಉತ್ಖನನ ಮಾಡುತ್ತಿದ್ದ ಫ್ರೆಂಚ್ ತಜ್ಞರು ಒಂದು ಸಮಾಧಿಯ ಸುದ್ದಿಯನ್ನು ಪ್ರಕಟಿಸಿದರು. ಸುಮಾರು 9500 ವರ್ಷಗಳಷ್ಟು ಹಳೆಯ ಸಮಾಧಿ. ಅದರಲ್ಲಿ ಒಬ್ಬ ಮನುಷ್ಯ, ಅವನಿಂದ ಒಂದು ಮೊಳ ದೂರದಲ್ಲಿ ಸುಮಾರು ಎಂಟು ತಿಂಗಳ ಒಂದು ಬೆಕ್ಕು. ಆ ದ್ವೀಪದಲ್ಲಿ ಮೂಲತಃ ಬೆಕ್ಕುಗಳೇ ಇರಲಿಲ್ಲ. ಯಾರೋ ದೋಣಿಯಲ್ಲಿ ತಂದಿರಬೇಕು. ಮೂರು ವರ್ಷಗಳ ನಂತರ, 2007ರಲ್ಲಿ, ವಂಶವಾಹಿಗಳ ಪರೀಕ್ಷೆಯಿಂದ ಇನ್ನೊಂದು ಸಂಗತಿ ತಿಳಿಯಿತು: ಲೋಕದ ಸಾಕುಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಡೆಯ ಒಂದು ಕಾಡುಬೆಕ್ಕಿನ ಸಂತತಿ. ಈ ಕಾಡುಬೆಕ್ಕು ಒಂಟಿ ಜೀವಿ. ಒಬ್ಬಂಟಿಯಾಗಿ ಬೇಟೆಯಾಡುತ್ತದೆ, ತನ್ನ ಎಲ್ಲೆಯನ್ನು ತಾನೇ ಕಾಯುತ್ತದೆ. ನಾಯಿಯ ಪೂರ್ವಜವಾದ ತೋಳ ಹಾಗಲ್ಲ. ಅದು ಗುಂಪಿನ ಪ್ರಾಣಿ, ಗುಂಪಿನ ಹಿರಿಯರನ್ನು ಓಲೈಸಲು ಅದಕ್ಕೆ ನೂರು ಮುಖಭಾವ ಬೇಕು. ನಾಯಿಯ ಮುಖವನ್ನು ನಾವು ಸುಲಭವಾಗಿ ಓದುತ್ತೇವೆ, ಬೆಕ್ಕಿನ ಮುಖದ ಮುಂದೆ ತಡವರಿಸುತ್ತೇವೆ. ಕಾರಣ ಬಹುಶಃ ಇಲ್ಲೇ ಇದೆ.

ಓದಲು ಬಾರದಿದ್ದಾಗ ಮನುಷ್ಯ ಸುಮ್ಮನಿರುವುದಿಲ್ಲ, ತನ್ನ ಅರ್ಥವನ್ನು ಹೇರುತ್ತಾನೆ. ಈಜಿಪ್ಟಿನವರು ದೇವತ್ವವನ್ನು ಹೇರಿದರು. ಬುಬಾಸ್ತಿಸ್ ಎಂಬ ಊರಿನಲ್ಲಿ ಬಾಸ್ತೆತ್ ದೇವತೆಯ ಆರಾಧನೆ ನಡೆಯುತ್ತಿತ್ತು. ಕ್ರಿಸ್ತಪೂರ್ವ ಐದನೇ ಶತಮಾನದಲ್ಲಿ ಅಲ್ಲಿಗೆ ಹೋಗಿ ಬಂದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಮನೆಯ ಬೆಕ್ಕು ಸತ್ತರೆ ಮನೆಯವರೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಾರೆ ಎಂದು ಬರೆದಿಟ್ಟ. ಪ್ರೀತಿ ಎಂದರೆ ಇದೇ ಎನ್ನಿಸುತ್ತದೆ. ಆದರೆ ಅಲ್ಲಿನ ಬೆಕ್ಕಿನ ಮಮ್ಮಿಗಳನ್ನು ಎಕ್ಸ್‌ರೇ ತೆಗೆದು ನೋಡಿದಾಗ, ಬಹಳಷ್ಟು ಎಳೆಯ ಬೆಕ್ಕುಗಳು, ಹಲವದರ ಕತ್ತು ತಿರುಚಿದ್ದು ಕಂಡಿತು. ಹರಕೆಗೆ ಒಪ್ಪಿಸಲೆಂದೇ ಸಾಕಿ ಕೊಂದವು. 1890ರಲ್ಲಿ ಇಂಥ ಸುಮಾರು 19 ಟನ್ ಮಮ್ಮಿಗಳನ್ನು ಹಡಗಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿಗೆ ಒಯ್ದು ಗೊಬ್ಬರಕ್ಕಾಗಿ ಹರಾಜು ಹಾಕಿದರು. ಪೂಜಿಸಿದವರೂ ಗೊಬ್ಬರ ಮಾಡಿದವರೂ ಬೆಕ್ಕನ್ನು ಬೆಕ್ಕಾಗಿ ನೋಡಲಿಲ್ಲ ಎಂಬುದಷ್ಟೇ ಇಲ್ಲಿ ನಮಗೆ ಮುಖ್ಯ.

ನಮ್ಮ ಕಥೋಲಿಕ ಬೈಬಲಿನಲ್ಲಿ ಮನೆಬೆಕ್ಕು ಬರುವುದು ಒಂದೇ ಒಂದು ಕಡೆ. ಬಾರೂಕನ ಗ್ರಂಥದ ಆರನೇ ಅಧ್ಯಾಯವನ್ನು ತೆರೆದು ನೋಡಿ. ಬಾಬಿಲೋನಿನ ವಿಗ್ರಹಗಳ ತಲೆಯ ಮೇಲೆ ಬಾವಲಿ, ಪಕ್ಷಿಗಳೊಂದಿಗೆ ಬೆಕ್ಕೂ ಹೋಗಿ ಕೂರುತ್ತದೆ ಎಂಬ ಮಾತು ಅಲ್ಲಿದೆ. ವಾದ ವಿಗ್ರಹಗಳ ಬಗ್ಗೆ, ಬೆಕ್ಕಿನ ಬಗ್ಗೆ ಅಲ್ಲ. ಆದರೂ ಬರೆದವರು ಬೆಕ್ಕನ್ನು ಸರಿಯಾಗಿ ಗಮನಿಸಿದ್ದಾರೆ: ಎತ್ತರದ ಜಾಗ ಕಂಡರೆ ಅದು ಏರಿ ಕೂರುತ್ತದೆ, ಜಾಗ ಯಾರದೆಂದು ಕೇಳುವುದಿಲ್ಲ.

ಕ್ರೈಸ್ತ ಯುರೋಪಿನ ಮಧ್ಯಯುಗಕ್ಕೆ ಬಂದರೆ ಎರಡು ದಾರಿಗಳು ಕಾಣುತ್ತವೆ. ಒಂದು, ಕೂತು ನೋಡಿದವರ ದಾರಿ. ಒಂಬತ್ತನೇ ಶತಮಾನದಲ್ಲಿ ಐರ್ಲೆಂಡಿನ ಒಬ್ಬ ಸನ್ಯಾಸಿ, ಊರು ಬಿಟ್ಟು ಯುರೋಪಿನ ಒಳನಾಡಿನಲ್ಲಿದ್ದಾಗ, ತನ್ನ ಟಿಪ್ಪಣಿ ಪುಸ್ತಕದಲ್ಲಿ ಪಾಂಗುರ್ ಬಾನ್ ಎಂಬ ಬೆಕ್ಕಿನ ಮೇಲೆ ಎಂಟು ಪದ್ಯ ಬರೆದ. ಆ ಪುಸ್ತಕ ಈಗಲೂ ಆಸ್ಟ್ರಿಯಾದ ಒಂದು ಮಠದಲ್ಲಿದೆ. ಬೆಕ್ಕು ಗೋಡೆಯತ್ತ ಕಣ್ಣು ನೆಟ್ಟು ಇಲಿಗೆ ಕಾಯುತ್ತದೆ, ತಾನು ಪುಸ್ತಕದತ್ತ ಕಣ್ಣು ನೆಟ್ಟು ಅರ್ಥಕ್ಕೆ ಕಾಯುತ್ತೇನೆ, ಒಬ್ಬರಿಗೊಬ್ಬರು ತೊಂದರೆ ಕೊಡುವುದಿಲ್ಲ ಎಂಬುದು ಅದರ ಭಾವ. ಇಂಗ್ಲೆಂಡಿನ ಎಕ್ಸೆಟರ್ ಪ್ರಧಾನಾಲಯದ 1305ರಿಂದ 1467ರವರೆಗಿನ ಲೆಕ್ಕಪುಸ್ತಕಗಳಲ್ಲಂತೂ ಬೆಕ್ಕಿನ ಹೆಸರಿನಲ್ಲಿ ಖರ್ಚು ಬರೆದಿದ್ದಾರೆ. ಮೂರು ತಿಂಗಳಿಗೆ 13 ಪೆನ್ಸ್, ಅಂದರೆ ವಾರಕ್ಕೊಂದು ಪೆನ್ನಿ. ಅಲ್ಲಿನ ಒಂದು ಬಾಗಿಲಲ್ಲಿ ಬೆಕ್ಕು ನುಸುಳುವಷ್ಟು ತೂತು ಇವತ್ತಿಗೂ ಇದೆ. ನಮ್ಮ ಧರ್ಮಕೇಂದ್ರದ ವಾರ್ಷಿಕ ಲೆಕ್ಕದಲ್ಲಿ ಇಂಥ ಒಂದು ಸಾಲು ಓದಿದರೆ ಸಭೆ ಎಷ್ಟು ನಗಬಹುದೆಂದು ನಾವು ಊಹಿಸಿಕೊಂಡೆವು.

ಇನ್ನೊಂದು, ಹೆದರಿದವರ ದಾರಿ. 1233ರಲ್ಲಿ ಪೋಪ್ ಒಂಬತ್ತನೇ ಗ್ರೆಗೊರಿಯವರು ಜರ್ಮನಿಯ ಪಾಷಂಡಿಗಳ ಕುರಿತು ಒಂದು ಪತ್ರ ಬರೆದರು. ಅವರ ಗುಪ್ತ ಸಭೆಗಳಲ್ಲಿ ಕರಿ ಬೆಕ್ಕೊಂದು ಬಾಲ ಮೇಲೆತ್ತಿಕೊಂಡು ಕಾಣಿಸಿಕೊಳ್ಳುತ್ತದೆ ಎಂಬ, ಯಾರೋ ಹೇಳಿದ ವಿವರಣೆ ಅದರಲ್ಲಿದೆ. ಇಂಟರ್ನೆಟ್ಟಿನಲ್ಲಿ ಈಗ ಓಡಾಡುತ್ತಿರುವ ಕಥೆ ಏನೆಂದರೆ, ಪೋಪ್ ಬೆಕ್ಕುಗಳನ್ನು ಕೊಲ್ಲಿಸಿದರು, ಇಲಿ ಹೆಚ್ಚಿತು, ಪ್ಲೇಗ್ ಬಂತು. ಇದನ್ನು ನಂಬಬೇಡಿ. ಪತ್ರದಲ್ಲಿ ಬೆಕ್ಕು ಕೊಲ್ಲುವ ಆಜ್ಞೆಯಿಲ್ಲ. ಪ್ಲೇಗ್ ಯುರೋಪಿಗೆ ಬಂದದ್ದು 1347ರಲ್ಲಿ, ನೂರಕ್ಕೂ ಹೆಚ್ಚು ವರ್ಷಗಳ ನಂತರ. ಹಾಗೆಂದು ಪತ್ರವನ್ನು ಪೂರ್ತಿ ಬಿಟ್ಟುಬಿಡುವಂತೆಯೂ ಇಲ್ಲ. ಕರಿ ಬೆಕ್ಕಿಗೂ ಸೈತಾನನಿಗೂ ಗಂಟು ಹಾಕುವ ಕಲ್ಪನೆ ಮುಂದೆ ಮಾಟಗಾತಿಯರ ವಿಚಾರಣೆಗಳಲ್ಲಿ ಬೆಳೆಯಿತು. ಬೆಲ್ಜಿಯಮಿನ ಈಪರ್ ನಗರದಲ್ಲಿ ವರ್ಷದ ಒಂದು ದಿನ ಗೋಪುರದಿಂದ ಜೀವಂತ ಬೆಕ್ಕುಗಳನ್ನು ಕೆಳಗೆ ಎಸೆಯುತ್ತಿದ್ದರು. ಅದು ನಿಂತದ್ದು 1817ರಲ್ಲಿ. ಈಗ ಅಲ್ಲಿ ಉತ್ಸವದಲ್ಲಿ ಬಟ್ಟೆಯ ಗೊಂಬೆ ಬೆಕ್ಕುಗಳನ್ನು ಎಸೆಯುತ್ತಾರೆ.

ಬಾಲ ಮೇಲೆತ್ತಿ ಬರುವ ಬೆಕ್ಕು ಭಯ ಹುಟ್ಟಿಸಿದ್ದನ್ನು ನೆನಪಿಡಿ, ಆ ಬಾಲದ ಮಾತು ಮತ್ತೆ ಬರುತ್ತದೆ.

ಹೆದರಿಕೆ ಇಳಿದ ಮೇಲೂ ಅಪವಾದ ಉಳಿಯಿತು. ಫ್ರಾನ್ಸಿನ ದೊಡ್ಡ ಪ್ರಕೃತಿ ವಿಜ್ಞಾನಿ ಬ್ಯುಫಾನ್ 1756ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಬೆಕ್ಕನ್ನು ವಿಶ್ವಾಸವಿಲ್ಲದ ಆಳು ಎಂದು ಕರೆದ. ಇಲಿಗಳ ಕಾಟ ತಪ್ಪಿಸಲು ವಿಧಿಯಿಲ್ಲದೆ ಸಾಕುವುದು ಎಂದ. ಅವನು ಕೊಟ್ಟ ಸಾಕ್ಷಿ ನೋಡಿ: ಬೆಕ್ಕು ತನ್ನನ್ನು ಪ್ರೀತಿಸುವವರ ಮುಖವನ್ನು ನೇರವಾಗಿ ನೋಡುವುದಿಲ್ಲ, ಓರೆಯಾಗಿ ಬರುತ್ತದೆ, ಅದರ ಕಣ್ಣು ನಂಬುವಂಥದ್ದಲ್ಲ. ನೋಟ ಸರಿಯೇ, ಬೆಕ್ಕು ನೇರ ನೋಡುವುದಿಲ್ಲ ನಿಜ. ಅರ್ಥ ಮಾತ್ರ ತಲೆಕೆಳಗು. ಮನುಷ್ಯರಲ್ಲಿ ಕಣ್ಣು ತಪ್ಪಿಸುವವನು ಏನೋ ಮುಚ್ಚಿಡುತ್ತಿದ್ದಾನೆ. ಬೆಕ್ಕುಗಳಲ್ಲಿ ನೆಟ್ಟ ನೋಟವೇ ಬೆದರಿಕೆ. ಕಣ್ಣು ತಿರುಗಿಸುವುದೆಂದರೆ ಜಗಳ ಬೇಡ ಎಂದು ಹೇಳಿದಂತೆ. ಮನೆಗೆ ಬಂದ ನೆಂಟರ ಪೈಕಿ ಬೆಕ್ಕನ್ನು ಕಂಡರಾಗದವರ ಮಡಿಲನ್ನೇ ಅದು ಹುಡುಕಿಕೊಂಡು ಹೋಗುವುದನ್ನು ನೀವು ನೋಡಿರಬಹುದು. ಪಾಪ, ಅವರೊಬ್ಬರೇ ಅದನ್ನು ದಿಟ್ಟಿಸಿ ನೋಡಿರುವುದಿಲ್ಲ.

ಈ ವಿಷಯದಲ್ಲಿ ನಮ್ಮ ತೆನಾಲಿ ರಾಮಕೃಷ್ಣನ ಕಥೆ ಬ್ಯುಫಾನನಿಗಿಂತ ಮೇಲು ಎಂದು ನಮ್ಮ ಅಭಿಪ್ರಾಯ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಅವನ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೆ ಓಡುತ್ತದೆ. ಹಾಸ್ಯದ ಕಥೆಯೇ ಆದರೂ ಬೆಕ್ಕಿನ ನಡತೆಗೆ ಒಂದು ಹಿಂದಿನ ಕಾರಣ ಇರುತ್ತದೆ ಎಂಬುದನ್ನು ಅದು ಒಪ್ಪಿಕೊಂಡಿದೆ.

ಬೆಕ್ಕಿನ ಮೈಯನ್ನು ಭಾಷೆಯಂತೆ ಓದುವ ದೊಡ್ಡ ಹೆಜ್ಜೆ ಇಟ್ಟವರು ಚಾರ್ಲ್ಸ್ ಡಾರ್ವಿನ್. 1872ರಲ್ಲಿ ಅವರು ಮನುಷ್ಯರ ಮತ್ತು ಪ್ರಾಣಿಗಳ ಭಾವಪ್ರದರ್ಶನದ ಬಗ್ಗೆ ಒಂದು ಪುಸ್ತಕ ತಂದರು. ವುಡ್ ಎಂಬ ಚಿತ್ರಗಾರನಿಂದ ಬೆಕ್ಕುಗಳ ಚಿತ್ರ ಬರೆಸಿದ್ದರು. ಒಂದರಲ್ಲಿ ಕಾದಾಡಲು ಸಿದ್ಧವಾದ ಬೆಕ್ಕು: ಮೈ ನೆಲಕ್ಕೆ ತಗ್ಗಿದೆ, ಕಿವಿ ಹಿಂದಕ್ಕೆ ಅಂಟಿದೆ, ಬಾಲ ಚಾಚಿದೆ. ಇನ್ನೊಂದರಲ್ಲಿ ಪ್ರೀತಿ ತೋರುವ ಬೆಕ್ಕು: ನೆಟ್ಟಗೆ ನಿಂತಿದೆ, ಕಿವಿ ಮೇಲಕ್ಕಿದೆ, ಬಾಲ ಕಂಬದಂತೆ ನೇರ. ಒಂದಕ್ಕೊಂದು ಪೂರ್ತಿ ವಿರುದ್ಧ. ಮನಸ್ಸಿನ ಸ್ಥಿತಿ ವಿರುದ್ಧವಾದರೆ ಮೈಯ ಭಂಗಿಯೂ ವಿರುದ್ಧವಾಗುತ್ತದೆ ಎಂದು ಡಾರ್ವಿನ್ ವಾದಿಸಿದರು. ನಾಯಿಗೆ ಹೆದರಿ ಬೆನ್ನು ಬಿಲ್ಲಾಗಿಸಿ ರೋಮ ನಿಮಿರಿಸಿದ ಬೆಕ್ಕನ್ನು ಅವರು ಬೇರೆಯೇ ಚಿತ್ರದಲ್ಲಿ ತೋರಿಸಿದರು. ಅದು ರೌದ್ರವಲ್ಲ, ಭಯ. ತನ್ನನ್ನು ದೊಡ್ಡದಾಗಿ ತೋರಿಸಿಕೊಳ್ಳುವ ಪ್ರಯತ್ನ.

ಡಾರ್ವಿನ್ ಬಿಟ್ಟಲ್ಲಿಂದ ಮುಂದೆ ಹೋದವರು ಜರ್ಮನಿಯ ಪೌಲ್ ಲೈಹೌಸನ್. 1956ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಬೆಕ್ಕಿನ ಮುಖಗಳನ್ನು ಒಂದು ಕೋಷ್ಟಕದಲ್ಲಿ ಜೋಡಿಸಿದ್ದಾರೆ. ಒಂದು ದಿಕ್ಕಿಗೆ ಸಿಟ್ಟು ಏರುತ್ತಾ ಹೋಗುತ್ತದೆ, ಇನ್ನೊಂದು ದಿಕ್ಕಿಗೆ ಭಯ. ಮೂಲೆಯಲ್ಲಿ ಎರಡೂ ಸೇರಿದ ಮುಖ. ಬೆನ್ನು ಬಾಗಿಸಿದ ಬೆಕ್ಕಿನ ಹಿಂಗಾಲು ಮುಂದೆ ಹೋಗಬೇಕೆನ್ನುತ್ತದೆ, ಮುಂಗಾಲು ಹಿಂದೆ ಸರಿಯಬೇಕೆನ್ನುತ್ತದೆ, ನಡುವೆ ಬೆನ್ನು ಮೇಲೇಳುತ್ತದೆ ಎಂಬುದು ಅವರ ವಿವರಣೆ. ಒಂದು ಸಲ ಇದನ್ನು ಓದಿದ ಮೇಲೆ ಬುಸುಗುಟ್ಟುವ ಬೆಕ್ಕನ್ನು ಕಂಡಾಗ ಕೋಲು ಹುಡುಕುವ ಮನಸ್ಸಾಗುವುದಿಲ್ಲ, ಒಂದು ಹೆಜ್ಜೆ ಹಿಂದೆ ಸರಿಯೋಣ ಎನಿಸುತ್ತದೆ.

ಮಕ್ಕಳಿರುವ ಮನೆಯವರು ಇಲ್ಲಿ ಎರಡು ಮಾತು ಗಮನಿಸಬೇಕು. ಬಾಲ ಬೀಸುವ ನಾಯಿ ಖುಷಿಯಲ್ಲಿರಬಹುದು, ಬಾಲವನ್ನು ನೆಲಕ್ಕೆ ಪಟಪಟ ಬಡಿಯುವ ಬೆಕ್ಕು ಸಾಕು ನಿಲ್ಲಿಸು ಎನ್ನುತ್ತಿದೆ. ಹೊಟ್ಟೆ ತೋರಿಸಿ ಮಲಗಿದರೆ ನಂಬಿಕೆ ಇದೆ ಎಂದು ಅರ್ಥ. ಹೊಟ್ಟೆ ಮುಟ್ಟು ಎಂದಲ್ಲ. ಮಕ್ಕಳಿಗೆ ಪರಚು ಬೀಳುವುದು ಹೆಚ್ಚಾಗಿ ಈ ಎರಡು ಕಡೆಯೇ. ಕಚ್ಚಿದರೆ, ಪರಚಿದರೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ರೇಬೀಸ್ ನಾಯಿಯಿಂದ ಮಾತ್ರ ಬರುವುದಲ್ಲ.

ಇನ್ನು ದನಿ. 1944ರಲ್ಲಿ ಅಮೆರಿಕದ ಮಿಲ್ಡ್ರೆಡ್ ಮೋಲ್ಕ್ ಎಂಬವರು ಮನೆಬೆಕ್ಕಿನ ದನಿಗಳನ್ನು ಕಿವಿಗೊಟ್ಟು ಕೇಳಿ ಹದಿನಾರು ಬಗೆಯಾಗಿ ವಿಂಗಡಿಸಿದರು. ದೊಡ್ಡ ಬೆಕ್ಕುಗಳು ತಮ್ಮೊಳಗೆ ಮಿಯಾಂವ್ ಎನ್ನುವುದು ಬಹಳ ಕಡಿಮೆ. ಮರಿ ತಾಯಿಯನ್ನು ಕರೆಯುವ ಆ ಕೂಗನ್ನು ಅವು ಮನುಷ್ಯರಿಗಾಗಿ ಉಳಿಸಿಕೊಂಡಿವೆ. 2009ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಕರೆನ್ ಮೆಕೊಂಬ್ ಮತ್ತು ಸಂಗಡಿಗರು ಇನ್ನೂ ತಮಾಷೆಯದನ್ನು ಕಂಡುಹಿಡಿದರು. ಹಸಿದ ಬೆಕ್ಕಿನ ಗುರುಗುಟ್ಟುವಿಕೆಯ ಒಳಗೆ ಅಳುವಿನಂಥ ಒಂದು ಸಣ್ಣ ದನಿ ಸೇರಿರುತ್ತದೆ, ಅದು ಕೇಳಿದರೆ ನಮಗೆ ಸುಮ್ಮನಿರಲಾಗುವುದಿಲ್ಲ. ಮುಂಜಾನೆ ಐದಕ್ಕೆ ಎದ್ದು ಮೀನಿನ ತಲೆ ಹಾಕುವವರಿಗೆ ಇದಕ್ಕೆ ಸಂಶೋಧನೆ ಬೇಕಿರಲಿಲ್ಲ.

ಈಗ ಬಾಲ. 1990ರ ದಶಕದಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಕಾಗದದಲ್ಲಿ ಬೆಕ್ಕಿನ ಆಕಾರ ಕತ್ತರಿಸಿ ನಿಜವಾದ ಬೆಕ್ಕುಗಳಿಗೆ ತೋರಿಸಿದರು. ಕಾಗದದ ಬೆಕ್ಕಿನ ಬಾಲ ಮೇಲಿದ್ದರೆ ಬೆಕ್ಕುಗಳು ತಾವೂ ಬಾಲ ಎತ್ತಿ ಬೇಗ ಹತ್ತಿರ ಬಂದವು. ಬಾಲ ಕೆಳಗಿದ್ದರೆ ಹಿಂಜರಿದವು. ಅಂದರೆ ಹದಿಮೂರನೇ ಶತಮಾನದ ಜರ್ಮನಿಯಲ್ಲಿ ಸೈತಾನನ ಗುರುತಾದ ಆ ಎತ್ತಿದ ಬಾಲ ಬೆಕ್ಕುಗಳ ಲೋಕದಲ್ಲಿ ಒಂದು ನಮಸ್ಕಾರ. ಸಂಜೆ ನಾವು ಗೇಟು ತೆರೆದಾಗ ಅಂಗಳದ ತುದಿಯಿಂದ ಬರುವುದೂ ಅದೇ.

ಕಡೆಗೆ ಕಣ್ಣು. 2020ರಲ್ಲಿ ಸಸೆಕ್ಸಿನವರೇ, ತಮ್ಮ ತಮ್ಮ ಮನೆಯಲ್ಲೇ ಇದ್ದ 21 ಬೆಕ್ಕುಗಳ ಎದುರು ಮನೆಯವರನ್ನು ಕೂರಿಸಿ, ಕಣ್ಣನ್ನು ನಿಧಾನವಾಗಿ ಕಿರಿದು ಮಾಡಿ ಮುಚ್ಚಿ ತೆರೆಯಲು ಹೇಳಿದರು. ಬೆಕ್ಕುಗಳು ತಿರುಗಿ ಹಾಗೆಯೇ ಕಣ್ಣು ಮುಚ್ಚಿದ್ದು ಹೆಚ್ಚಾಯಿತು. ಎರಡನೇ ಪ್ರಯೋಗದಲ್ಲಿ ಅಪರಿಚಿತರು ಹೀಗೆ ಮಾಡಿ ಕೈ ಚಾಚಿದಾಗಲೂ, ಸುಮ್ಮನೆ ಮುಖ ಹೊತ್ತು ಕುಳಿತವರಿಗಿಂತ ಹೆಚ್ಚಾಗಿ ಅವರ ಹತ್ತಿರ ಬಂದವು. ದಿಟ್ಟಿಸುವುದು ಬೆದರಿಕೆಯಾದ ಪ್ರಾಣಿಗೆ, ಎದುರಿನವರ ಮುಂದೆ ಕಣ್ಣು ಮುಚ್ಚುವುದಕ್ಕಿಂತ ದೊಡ್ಡ ವಿಶ್ವಾಸ ಯಾವುದಿದೆ? ನಮ್ಮ ಗಾದೆಯ ಬೆಕ್ಕು ಹಾಲಿನ ಮುಂದೆ ಕಣ್ಣು ಮುಚ್ಚಿದ್ದು, ಯಾರೂ ಬಂದು ಹೊಡೆಯುವುದಿಲ್ಲ ಎಂಬ ಧೈರ್ಯದಿಂದಲೂ ಇರಬಹುದು. ಬೆಕ್ಕು ಸಾಕಿದವರು ಇವತ್ತೇ ಮನೆಯಲ್ಲಿ ಪರೀಕ್ಷಿಸಿ ನೋಡಬಹುದು, ಖರ್ಚಿಲ್ಲ.

ಆದರೆ ಎಲ್ಲ ಅರೆಗಣ್ಣೂ ಒಂದೇ ಅಲ್ಲ. ಕಾಡಿನಲ್ಲಿ ಒಂಟಿಯಾಗಿ ಬದುಕಿದ ಸಣ್ಣ ಪ್ರಾಣಿ ನೋವನ್ನು ತೋರಿಸಿದರೆ ಉಳಿಯುವುದಿಲ್ಲ, ಹಾಗಾಗಿ ಮನೆಬೆಕ್ಕೂ ನೋವನ್ನು ಮುಚ್ಚಿಡುತ್ತದೆ. ನೋವಿನಲ್ಲಿಯೂ ಗುರುಗುಟ್ಟುತ್ತದೆ. ಇಲಿ ಹಿಡಿಯುತ್ತಿಲ್ಲ, ಸೋಮಾರಿಯಾಯಿತು ಎಂದು ಗೋಣಿಯಲ್ಲಿ ಹಾಕಿ ಮೀನು ಮಾರುಕಟ್ಟೆಯ ಹತ್ತಿರ ಬಿಟ್ಟುಬರುವ ಮುದಿ ಬೆಕ್ಕುಗಳಲ್ಲಿ ಎಷ್ಟಕ್ಕೆ ಹಲ್ಲುನೋವೋ, ಕೀಲುನೋವೋ. 2019ರಲ್ಲಿ ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು ಬೆಕ್ಕಿನ ಮುಖದಲ್ಲಿ ನೋವನ್ನು ಅಳೆಯುವ ಒಂದು ಮಾಪಕ ತಂದರು. ಅವರು ನೋಡುವುದು ಐದು ಕಡೆ. ಕಿವಿಗಳು ಒಂದರಿಂದೊಂದು ದೂರವಾಗಿ ಹೊರಕ್ಕೆ ತಿರುಗುತ್ತವೆ. ಕಣ್ಣು ಬಿಗಿಯಾಗಿ ಕಿರಿದಾಗುತ್ತದೆ. ನಂಬಿಕೆಯ ಕಣ್ಣಿನಂತೆ ತೆರೆದು ಮುಚ್ಚುತ್ತಾ ಇರುವುದಿಲ್ಲ, ಹಾಗೆಯೇ ನಿಂತಿರುತ್ತದೆ. ಮೂತಿ ಬಿಗಿದು ಉದ್ದುದ್ದ ಕಾಣುತ್ತದೆ. ಸಡಿಲವಾಗಿ ಬಾಗಿರಬೇಕಾದ ಮೀಸೆ ನೆಟ್ಟಗಾಗುತ್ತದೆ. ತಲೆ ಭುಜಕ್ಕಿಂತ ಕೆಳಗೆ ಇಳಿದಿರುತ್ತದೆ. ಒಲೆಯ ಮೂಲೆಯಲ್ಲಿ ಮುದುಡಿ ಕುಳಿತ ಬೆಕ್ಕಿನಲ್ಲಿ ಇವು ಕಂಡರೆ ಅದು ನಿದ್ದೆಯಲ್ಲ, ಪಶುವೈದ್ಯರಿಗೆ ತೋರಿಸುವ ಹೊತ್ತು.